ಸಿಂಗಪುರದಲ್ಲಿ ಒಂಬತ್ತು ಗಂಟೆ: ಹೊರಗೆ ಹೋಗಬಹುದೇ, ಹೋದರೆ ಎಲ್ಲಿಗೆ?

ಪ್ರಶ್ನೆ: ನಾನು ಸಾಗರದ ನಿವೃತ್ತ ಪ್ರೌಢಶಾಲಾ ಶಿಕ್ಷಕ, ವಯಸ್ಸು 66. ನನ್ನ ಪತ್ನಿಗೆ 61. ಮೆಲ್ಬರ್ನ್‌ನಲ್ಲಿರುವ ಮಗಳ ಮನೆಗೆ ಮೊದಲ ಬಾರಿ ಹೊರಟಿದ್ದೇವೆ. ಬೆಂಗಳೂರಿನಿಂದ ರಾತ್ರಿ ಹೊರಟ ವಿಮಾನ ಬೆಳಿಗ್ಗೆ 6ಕ್ಕೆ ಸಿಂಗಪುರ ತಲುಪುತ್ತದೆ. ಮೆಲ್ಬರ್ನ್ ವಿಮಾನ ಇರುವುದು ಮಧ್ಯಾಹ್ನ 3ಕ್ಕೆ. ಇಬ್ಬರ ಪಾಸ್‌ಪೋರ್ಟಿಗೂ ಹಲವು ಬಾರಿ ಪ್ರವೇಶಿಸಬಹುದಾದ ಆಸ್ಟ್ರೇಲಿಯಾ ವೀಸಾ ಸಿಕ್ಕಿದೆ. ಮಗಳು "ಹೊರಗೆ ಹೋಗಲೇಬೇಡಿ, ವಿಮಾನ ತಪ್ಪೀತು" ಎನ್ನುತ್ತಾಳೆ. ಅಳಿಯ ಆರು ಸ್ಥಳಗಳ ಪಟ್ಟಿ ಕಳುಹಿಸಿದ್ದಾರೆ. ಪತ್ನಿಗೆ ಮಂಡಿನೋವು ಇದೆ, ನಾವು ಸಸ್ಯಾಹಾರಿಗಳು. ಒಂಬತ್ತು ಗಂಟೆಯನ್ನು ಕುರ್ಚಿಯಲ್ಲಿ ಕುಳಿತೇ ಕಳೆಯಬೇಕೇ?

ಉತ್ತರ: ಕುಳಿತು ಕಳೆಯಬೇಕಾಗಿಲ್ಲ. ನೀವಿಬ್ಬರೂ ಹೊರಗೆ ಹೋಗಿ, ಊರಿನ ಒಂದು ಭಾಗವನ್ನು ನೆಮ್ಮದಿಯಾಗಿ ನೋಡಿ, ಆತುರವಿಲ್ಲದೆ ಹಿಂದಿರುಗಬಹುದು. ಆದರೆ ನೋಡಬೇಕಾದದ್ದು ಆರು ಸ್ಥಳಗಳನ್ನಲ್ಲ, ಒಂದನ್ನು. ತಿಂಡಿಯ ನಿಲುಗಡೆಯನ್ನೂ ಸೇರಿಸಿದರೆ ಒಂದೂವರೆ ಎನ್ನೋಣ. ನಿಮ್ಮ ಮಗಳ ಆತಂಕ ನಿರಾಧಾರವಾದುದಲ್ಲ, ಏಕೆಂದರೆ ಲೇಓವರ್‌ನಲ್ಲಿ, ಅಂದರೆ ಎರಡು ವಿಮಾನಗಳ ನಡುವಿನ ಬಿಡುವಿನಲ್ಲಿ, ವಿಮಾನ ತಪ್ಪಿಸಿಕೊಂಡವರಲ್ಲಿ ಹಲವರು ಹಿಂದಿರುಗುವ ಹೊತ್ತನ್ನು ಮೊದಲೇ ನಿಗದಿ ಮಾಡಿಕೊಳ್ಳದೆ ಹೋದವರು. ನಿಮ್ಮ ಅಳಿಯನ ಪಟ್ಟಿಯ ಸ್ಥಳಗಳೂ ನೋಡತಕ್ಕವೇ, ಆದರೆ ಅವನ್ನೆಲ್ಲ ನೋಡಲು ಮೂರು ದಿನದ ಬಿಡುವು ಬೇಕು.

ಮೊದಲು ಸಮಯದ ಲೆಕ್ಕವನ್ನು ನೋಡೋಣ. ಟಿಕೆಟ್ಟಿನ ಮೇಲೆ ಒಂಬತ್ತು ಗಂಟೆ ಇದ್ದರೂ ಅದು ವಿಮಾನದ ಒಂಬತ್ತು ಗಂಟೆಯೇ ಹೊರತು ನಿಮ್ಮದಲ್ಲ. ವಿಮಾನ ಇಳಿದ ಮೇಲೆ ಬಾಗಿಲು ತೆರೆದು, ಉದ್ದನೆಯ ಹಜಾರಗಳನ್ನು ನಿಧಾನವಾಗಿ ದಾಟಿ, ಮುಖ ತೊಳೆದು, ಇಮಿಗ್ರೇಷನ್ ಎಂಬ ಪಾಸ್‌ಪೋರ್ಟ್ ತಪಾಸಣೆ ಮುಗಿಸಿ, ಕೈಚೀಲಗಳನ್ನು ಇರಿಸಲು ಕೊಟ್ಟು ಹೊರಗೆ ಬರುವಷ್ಟರಲ್ಲಿ ಏಳೂಕಾಲೋ ಏಳೂವರೆಯೋ ಆಗಿರುತ್ತದೆ. ಆ ಕಡೆಯಿಂದ, 3 ಗಂಟೆಯ ವಿಮಾನಕ್ಕೆ ನೀವು ಹನ್ನೆರಡೂವರೆಗೆಲ್ಲ ವಿಮಾನ ನಿಲ್ದಾಣದಲ್ಲಿರಬೇಕೆಂದು ನಾನು ಒತ್ತಿ ಹೇಳುತ್ತೇನೆ. ಹೋಗಿ ಬರುವ ದಾರಿಗೆ ಒಂದೂಕಾಲು ಗಂಟೆ ಕಳೆದರೆ ನಿಮ್ಮ ಕೈಯಲ್ಲಿ ಉಳಿಯುವುದು ನಾಲ್ಕು ಗಂಟೆಗೂ ಕಡಿಮೆ. ಈ ನಾಲ್ಕು ಗಂಟೆಯನ್ನು ಹೇಗೆ ಬಳಸಬೇಕೆಂಬುದೇ ನಿಜವಾದ ಪ್ರಶ್ನೆ.

ಇದರ ಜೊತೆಗೆ ದೇಹದ ಗಡಿಯಾರವನ್ನೂ ಗಮನಿಸಬೇಕು. ಸಿಂಗಪುರದ ಸಮಯ ನಮ್ಮದಕ್ಕಿಂತ ಎರಡೂವರೆ ಗಂಟೆ ಮುಂದೆ ಇದೆ. ಅಲ್ಲಿ ಬೆಳಿಗ್ಗೆ 6 ಎಂದರೆ ಸಾಗರದಲ್ಲಿ ಇನ್ನೂ ನಸುಕಿನ ಮೂರೂವರೆ. ನಾಲ್ಕೂವರೆ ಗಂಟೆಯ ರಾತ್ರಿ ಹಾರಾಟದಲ್ಲಿ ಊಟ, ದೀಪ, ಪ್ರಕಟಣೆಗಳ ನಡುವೆ ಎರಡು ಗಂಟೆ ನಿದ್ದೆ ಬಂದರೆ ಹೆಚ್ಚು. ಆದ್ದರಿಂದ ಬೆಂಗಳೂರಿನಲ್ಲಿಯೇ ರಾತ್ರಿಯ ಊಟ ಮುಗಿಸಿ, ವಿಮಾನ ಹತ್ತಿದ ಕೂಡಲೇ ಮಲಗಲು ಪ್ರಯತ್ನಿಸಿ. ಇಳಿದಾಗ ಇಬ್ಬರಲ್ಲಿ ಒಬ್ಬರಿಗಾದರೂ ತಲೆ ಸುತ್ತುವಷ್ಟು ಆಯಾಸವಿದ್ದರೆ ಹೊರಗೆ ಹೋಗುವ ಯೋಜನೆಯನ್ನು ಅಲ್ಲಿಯೇ ಕೈಬಿಡಿ. ಅದರಿಂದ ಕಳೆದುಕೊಳ್ಳುವಂಥದ್ದೇನೂ ಇಲ್ಲ ಎಂಬುದನ್ನು ಮುಂದೆ ವಿವರಿಸುತ್ತೇನೆ.

ಈಗ ಅನುಮತಿಯ ವಿಚಾರ. ಭಾರತದ ಪಾಸ್‌ಪೋರ್ಟ್ ಇರುವವರು ಸಿಂಗಪುರದೊಳಗೆ ಕಾಲಿಡಲು ಸಾಮಾನ್ಯವಾಗಿ ವೀಸಾ ಬೇಕು. ವಿಮಾನ ನಿಲ್ದಾಣದ ಟ್ರಾನ್ಸಿಟ್ ವಲಯದೊಳಗೇ ಇದ್ದು ಮುಂದಿನ ವಿಮಾನ ಹತ್ತುವವರಿಗೆ ಬೇಡ. ಆದರೆ ಬೇರೊಂದು ದೇಶಕ್ಕೆ ಹೋಗುವ ಅಥವಾ ಅಲ್ಲಿಂದ ಬರುವ ದಾರಿಯಲ್ಲಿ ಸಿಂಗಪುರದಲ್ಲಿ ಇಳಿಯುವ ಭಾರತೀಯರಿಗೆ, 96 ಗಂಟೆಯೊಳಗೆ ಹೊರಡುವ ಖಚಿತ ಟಿಕೆಟ್ಟೂ, ಆಸ್ಟ್ರೇಲಿಯಾ, ಅಮೆರಿಕ, ಬ್ರಿಟನ್, ಕೆನಡಾ, ಜಪಾನ್, ಜರ್ಮನಿ, ನ್ಯೂಜಿಲೆಂಡ್ ಅಥವಾ ಸ್ವಿಟ್ಜರ್ಲೆಂಡಿನ ಚಾಲ್ತಿಯಲ್ಲಿರುವ ವೀಸಾವೂ ಇದ್ದರೆ, ವೀಸಾ ಇಲ್ಲದೆಯೇ ಪ್ರವೇಶ ಕೊಡುವ ಸೌಲಭ್ಯವೊಂದಿದೆ. ವೀಸಾದಲ್ಲಿ ಕನಿಷ್ಠ ಒಂದು ತಿಂಗಳ ಅವಧಿ ಉಳಿದಿರಬೇಕು. ನಿಮ್ಮ ವೀಸಾ ಈ ಷರತ್ತಿಗೆ ಹೊಂದುತ್ತದೆ. ಒಂದೇ ಬಾರಿ ಪ್ರವೇಶಿಸುವ ವೀಸಾ ಇರುವವರಿಗೆ ನಿಯಮ ಬೇರೆ. ಅವರು ನಿಮ್ಮನ್ನು ನೋಡಿ ಹೊರಟುಬಿಡಬಾರದು.

ಆದರೂ ಎರಡು ವಿಷಯಗಳನ್ನು ಮನಸ್ಸಿನಲ್ಲಿಡಿ. ಈ ಸೌಲಭ್ಯ ಹಕ್ಕಲ್ಲ. ಕೊಡುವುದು ಬಿಡುವುದು ಇಮಿಗ್ರೇಷನ್ ಅಧಿಕಾರಿಯ ವಿವೇಚನೆಗೆ ಬಿಟ್ಟದ್ದು. ಆಸ್ಟ್ರೇಲಿಯಾದ ವೀಸಾ ಈಗ ಪಾಸ್‌ಪೋರ್ಟಿನ ಪುಟದಲ್ಲಿ ಅಂಟಿರುವುದಿಲ್ಲ, ಮಿಂಚಂಚೆಯಲ್ಲಿ ಬಂದ ಪತ್ರವಾಗಿರುತ್ತದೆ. ಆದ್ದರಿಂದ ಇಬ್ಬರ ವೀಸಾ ಪತ್ರದ ಮುದ್ರಿತ ಪ್ರತಿಯನ್ನೂ ಮೆಲ್ಬರ್ನ್ ವಿಮಾನದ ಟಿಕೆಟ್ಟಿನ ಪ್ರತಿಯನ್ನೂ ಕೈಚೀಲದ ಮೇಲ್ಭಾಗದಲ್ಲಿಯೇ ಇಟ್ಟುಕೊಳ್ಳಿ. ಫೋನಿನಲ್ಲಿ ಹುಡುಕುತ್ತ ನಿಲ್ಲುವುದಕ್ಕಿಂತ ಕಾಗದವನ್ನು ಮುಂದಿಡುವುದು ಇಬ್ಬರಿಗೂ ಸುಲಭ. ಎರಡನೆಯದು ಎಸ್‌ಜಿ ಅರೈವಲ್ ಕಾರ್ಡ್ ಎಂಬ ಆನ್‌ಲೈನ್ ಅರ್ಜಿ. ಇಮಿಗ್ರೇಷನ್ ದಾಟಿ ಹೊರಗೆ ಹೋಗುವವರೆಲ್ಲರೂ, ತಲುಪುವ ದಿನವನ್ನೂ ಸೇರಿಸಿ ಮೂರು ದಿನಗಳೊಳಗೆ ಅದನ್ನು ಭರ್ತಿ ಮಾಡಬೇಕು. ಅದಕ್ಕೆ ಶುಲ್ಕವಿಲ್ಲ. ಸರ್ಕಾರಿ ತಾಣದಂತೆಯೇ ಕಾಣುವ ಖಾಸಗಿ ತಾಣಗಳು ಇದೇ ಅರ್ಜಿಗೆ ಹಣ ಕೇಳುತ್ತವೆ; ಹಣ ಕೇಳಿದ ಕೂಡಲೇ ಅದು ಸರಿಯಾದ ತಾಣವಲ್ಲವೆಂದು ತಿಳಿಯಿರಿ. ಸಿಂಗಪುರದ ಇಮಿಗ್ರೇಷನ್ ಪ್ರಾಧಿಕಾರದ ತಾಣದಲ್ಲಿ ನಿಮ್ಮ ಮಗಳು ಹತ್ತು ನಿಮಿಷದಲ್ಲಿ ಮುಗಿಸಿಕೊಡಬಲ್ಲಳು. ಹೊರಡುವ ವಾರದಲ್ಲಿ ವೀಸಾ ನಿಯಮವನ್ನೂ ಅದೇ ತಾಣದಲ್ಲಿ ಇನ್ನೊಮ್ಮೆ ನೋಡಲು ಹೇಳಿ. ಇಂಥ ನಿಯಮಗಳು ಸದ್ದಿಲ್ಲದೆ ಬದಲಾಗುತ್ತವೆ.

ಟಿಕೆಟ್ಟಿನ ಬಗ್ಗೆ ನೀವು ಹೇಳಿಲ್ಲ, ನಾನು ಕೇಳಲೇಬೇಕು: ಬೆಂಗಳೂರು–ಸಿಂಗಪುರ ಮತ್ತು ಸಿಂಗಪುರ–ಮೆಲ್ಬರ್ನ್ ಎರಡೂ ಒಂದೇ ಬುಕಿಂಗ್‌ನಲ್ಲಿವೆಯೇ? ಒಂದೇ ಪಿಎನ್‌ಆರ್ ಇದ್ದರೆ ನಿಮ್ಮ ದೊಡ್ಡ ಪೆಟ್ಟಿಗೆಗಳು ಬೆಂಗಳೂರಿನಿಂದ ನೇರವಾಗಿ ಮೆಲ್ಬರ್ನ್‌ಗೆ ಹೋಗುತ್ತವೆ, ಎರಡೂ ಬೋರ್ಡಿಂಗ್ ಪಾಸ್ ಸಾಮಾನ್ಯವಾಗಿ ಬೆಂಗಳೂರಿನಲ್ಲಿಯೇ ಸಿಗುತ್ತವೆ, ಮೊದಲ ವಿಮಾನ ತಡವಾದರೆ ಮುಂದಿನ ವ್ಯವಸ್ಥೆ ವಿಮಾನ ಸಂಸ್ಥೆಯ ಹೊಣೆಯಾಗುತ್ತದೆ. ಬೇರೆ ಬೇರೆ ಬುಕಿಂಗ್ ಆಗಿದ್ದರೆ ಪೆಟ್ಟಿಗೆಗಳನ್ನು ನೀವೇ ಎತ್ತಿಕೊಂಡು ಹೊರಬಂದು ಮತ್ತೆ ಚೆಕ್-ಇನ್ ಮಾಡಬೇಕಾಗಬಹುದು. ಆಗ ಊರು ನೋಡುವ ಮಾತೇ ಬೇಡ. ಹಲವು ವರ್ಷಗಳ ಹಿಂದೆ ನನ್ನ ತಂದೆ–ತಾಯಿಗೆ ಇಂಥದೇ ಪ್ರಯಾಣದಲ್ಲಿ ಅಗ್ಗವೆಂದು ಎರಡು ಬೇರೆ ಟಿಕೆಟ್ಟುಗಳನ್ನು ಕೊಡಿಸಲಾಗಿತ್ತು. ನಾಲ್ಕು ಪೆಟ್ಟಿಗೆಗಳನ್ನು ತಳ್ಳಿಕೊಂಡು ಒಂದು ಟರ್ಮಿನಲ್‌ನಿಂದ ಇನ್ನೊಂದಕ್ಕೆ ಅಲೆದ ಆ ಐದು ಗಂಟೆಗಳನ್ನು ನನ್ನ ತಾಯಿ ಇಂದಿಗೂ ಮರೆತಿಲ್ಲ. ಅಂದಿನಿಂದ ಹಿರಿಯರ ಪ್ರಯಾಣ ಯೋಜಿಸುವಾಗ ನಾನು ಮೊದಲು ಕೇಳುವುದು ಇದೇ ಪ್ರಶ್ನೆ. ಬೆಂಗಳೂರಿನ ಕೌಂಟರಿನಲ್ಲಿ ಪೆಟ್ಟಿಗೆಗೆ ಕಟ್ಟುವ ಚೀಟಿಯ ಮೇಲೆ ಮೆಲ್ಬರ್ನ್ ಎಂಬುದನ್ನು ಸೂಚಿಸುವ ಎಂಇಎಲ್ ಎಂಬ ಮೂರು ಅಕ್ಷರಗಳಿವೆಯೇ ಎಂದು ನೀವೇ ಓದಿ ಖಚಿತಪಡಿಸಿಕೊಳ್ಳಿ.

ನಮ್ಮ ಕಡೆಯ ಹಿರಿಯರು ವಿದೇಶಕ್ಕೆ ಹೊರಟಾಗ ಮಕ್ಕಳು ವೀಲ್‌ಚೇರ್ ಸೌಲಭ್ಯವನ್ನು ಕಾಯ್ದಿರಿಸುವುದು ಈಗ ವಾಡಿಕೆ. ನಿಮ್ಮ ಶ್ರೀಮತಿಯವರ ಮಂಡಿನೋವಿಗೆ ಅದು ಖಂಡಿತ ಬೇಕು, ಸಂಕೋಚಪಡಬೇಡಿ. ಆದರೆ ಸಿಂಗಪುರದಲ್ಲಿ ವಿಮಾನದ ಬಾಗಿಲಲ್ಲಿ ಕಾದಿರುವ ಸಹಾಯಕರು ನೀವು ಮುಂದಿನ ವಿಮಾನ ಹತ್ತುವವರೆಂದೇ ತಿಳಿದು ಆ ಕಡೆಗೇ ಕರೆದೊಯ್ಯುತ್ತಾರೆ. "ನಾವು ಇಮಿಗ್ರೇಷನ್ ದಾಟಿ ಹೊರಗೆ ಹೋಗುವವರು, ಹನ್ನೆರಡೂವರೆಗೆ ಹಿಂದಿರುಗುತ್ತೇವೆ" ಎಂದು ಕುರ್ಚಿಯಲ್ಲಿ ಕೂರುವ ಮೊದಲೇ ಹೇಳಬೇಕು. ಹಿಂದಿರುಗಿದ ಮೇಲೆ ವೀಲ್‌ಚೇರ್ ಯಾವ ಕೌಂಟರಿನಲ್ಲಿ ಸಿಗುತ್ತದೆಂಬುದನ್ನು ಅವರಿಂದಲೇ ಕೇಳಿ ಬರೆದುಕೊಳ್ಳಬೇಕು. ಸಿಂಗಪುರದ ವಿಮಾನ ನಿಲ್ದಾಣವಾದ ಚಾಂಗಿಯಲ್ಲಿ ತಮಿಳು ಬಲ್ಲ ಸಿಬ್ಬಂದಿ ಹಲವರಿದ್ದಾರೆ. ತಮಿಳು ಅಲ್ಲಿನ ನಾಲ್ಕು ಅಧಿಕೃತ ಭಾಷೆಗಳಲ್ಲಿ ಒಂದು. ಇಂಗ್ಲಿಷ್ ಅಂತೂ ಎಲ್ಲೆಡೆ ನಡೆಯುತ್ತದೆ, ಶಿಕ್ಷಕರಾದ ನಿಮಗೆ ಭಾಷೆಯ ತೊಡಕು ಬಾರದು.

ಹೋಗುವುದೆಲ್ಲಿಗೆ? ನಿಮ್ಮ ಅಳಿಯನ ಪಟ್ಟಿಯಲ್ಲಿ ಮೆರ್ಲಯನ್, ಮರೀನಾ ಬೇ, ಸೆಂಟೋಸಾ ಇರಬಹುದೆಂದು ಊಹಿಸುತ್ತೇನೆ. ಸೆಂಟೋಸಾ ದ್ವೀಪಕ್ಕೆ ಅರ್ಧ ದಿನವೂ ಸಾಲದು. ಸಿಂಹದ ತಲೆ, ಮೀನಿನ ದೇಹದ ಮೆರ್ಲಯನ್ 8.6 ಮೀಟರ್ ಎತ್ತರದ ಶಿಲ್ಪ. ಫೋಟೊ ತೆಗೆದುಕೊಂಡ ಮೇಲೆ ಬಿಸಿಲಿನಲ್ಲಿ ನಿಂತಿರಲು ಬೇರೆ ಕಾರಣ ಉಳಿಯುವುದಿಲ್ಲ. ಮರೀನಾ ಬೇ ಪ್ರದೇಶದ ಸೊಗಸೆಲ್ಲ ದೀಪ ಹತ್ತಿದ ಮೇಲೆ. ಬೆಳಗಿನ ಹೊತ್ತಿನ ನಾಲ್ಕು ಗಂಟೆಗಳ ಬಿಡುವಿಗೆ, ಮಂಡಿನೋವಿರುವವರಿಗೆ, ಮಲೆನಾಡಿನಿಂದ ಬಂದವರಿಗೆ ನಾನು ಎರಡು ಮಾತಿಲ್ಲದೆ ಸೂಚಿಸುವ ಸ್ಥಳ ಸಿಂಗಪುರ ಬೊಟಾನಿಕ್ ಗಾರ್ಡನ್ಸ್.

ಇದು 1859ರಲ್ಲಿ ಆರಂಭವಾದ, ಸುಮಾರು 82 ಹೆಕ್ಟೇರಿನ ಸಸ್ಯೋದ್ಯಾನ. 2015ರಲ್ಲಿ ಯುನೆಸ್ಕೊ ಇದನ್ನು ವಿಶ್ವ ಪರಂಪರೆಯ ತಾಣಗಳ ಪಟ್ಟಿಗೆ ಸೇರಿಸಿತು. ಸಿಂಗಪುರಕ್ಕೆ ಆ ಗೌರವ ತಂದ ಮೊದಲ ಸ್ಥಳ ಇದೇ. ಬೆಳಿಗ್ಗೆ 5ರಿಂದ ನಡುರಾತ್ರಿಯವರೆಗೆ ತೆರೆದಿರುತ್ತದೆ, ಉದ್ಯಾನಕ್ಕೆ ಪ್ರವೇಶ ಉಚಿತ. ಲಾಲ್‌ಬಾಗ್ ನೋಡಿದವರಿಗೆ ಇಲ್ಲಿ ಒಂದು ಪರಿಚಿತ ಭಾವ ಮೂಡುತ್ತದೆ, ಅದಕ್ಕೆ ಕಾರಣವೂ ಇದೆ. ಹತ್ತೊಂಬತ್ತನೆಯ ಶತಮಾನದಲ್ಲಿ ಲಂಡನ್ನಿನ ಕ್ಯೂ ಉದ್ಯಾನದಲ್ಲಿ ಪಳಗಿದ ತೋಟಗಾರಿಕೆ ತಜ್ಞರು ಬ್ರಿಟಿಷ್ ಆಳ್ವಿಕೆಯ ಊರೂರುಗಳಿಗೆ ಹೋಗಿ ಇಂಥ ಉದ್ಯಾನಗಳನ್ನು ನೋಡಿಕೊಂಡರು, ಗಿಡ–ಬೀಜಗಳನ್ನು ಒಂದೆಡೆಯಿಂದ ಇನ್ನೊಂದೆಡೆಗೆ ಸಾಗಿಸಿದರು. ಹೈದರಾಲಿ ಹಾಕಿಸಿದ ಲಾಲ್‌ಬಾಗನ್ನು 1874ರಿಂದ ಮೂರು ದಶಕಗಳಿಗೂ ಹೆಚ್ಚು ಕಾಲ ನೋಡಿಕೊಂಡ ಜಾನ್ ಕ್ಯಾಮರಾನ್ ಅದೇ ಪರಂಪರೆಯವರು.

ಸಿಂಗಪುರದ ಉದ್ಯಾನಕ್ಕೆ ಅದೇ ಕ್ಯೂ ಉದ್ಯಾನದಿಂದ 1877ರಲ್ಲಿ 22 ರಬ್ಬರ್ ಸಸಿಗಳು ಬಂದವು. ಅವುಗಳ ಬೀಜಗಳನ್ನು ಕ್ಯೂಗೆ ತಂದದ್ದು ಬ್ರೆಜಿಲ್ಲಿನ ಕಾಡಿನಿಂದ. 1888ರಲ್ಲಿ ಉದ್ಯಾನದ ಹೊಣೆ ಹೊತ್ತ ಹೆನ್ರಿ ರಿಡ್ಲಿ, ಮರವನ್ನು ಕೊಲ್ಲದೆ ತೊಗಟೆಯನ್ನು ಓರೆಯಾಗಿ ಗೀರಿ ದಿನಬಿಟ್ಟು ದಿನ ಹಾಲು ಪಡೆಯುವ ವಿಧಾನವನ್ನು ಪ್ರಯೋಗಗಳಿಂದ ರೂಢಿಗೆ ತಂದರು. ಜೇಬಿನಲ್ಲಿ ರಬ್ಬರ್ ಬೀಜ ತುಂಬಿಕೊಂಡು ತೋಟದ ಮಾಲೀಕರನ್ನು ಬೆಳೆಸಿರೆಂದು ಕಾಡುತ್ತಿದ್ದ ಅವರನ್ನು ಜನ ಹುಚ್ಚ ರಿಡ್ಲಿ ಎಂದೇ ಕರೆಯುತ್ತಿದ್ದರು. ಮುಂದೆ ಮಲಯ ಪ್ರದೇಶವೆಲ್ಲ ರಬ್ಬರ್ ತೋಟವಾಯಿತು. ಸುಳ್ಯ, ಪುತ್ತೂರಿನ ಕಡೆ ಬೆಳಗಿನ ಜಾವ ತಲೆಗೆ ದೀಪ ಕಟ್ಟಿಕೊಂಡು ಟ್ಯಾಪಿಂಗ್ ಮಾಡುವವರನ್ನು ನೀವು ನೋಡಿರಬಹುದು. ಅವರ ಕತ್ತಿಯ ಗೀರು ಆ ಉದ್ಯಾನದಲ್ಲಿ ರೂಪುಗೊಂಡ ವಿಧಾನದ ಮುಂದುವರಿಕೆ. ಇದು ತಿಳಿದು ನೋಡಿದಾಗ ಆ ಮರಗಳ ಕೆಳಗೆ ಕಳೆಯುವ ಒಂದು ಗಂಟೆಯ ತೂಕವೇ ಬೇರೆ.

ಉದ್ಯಾನದೊಳಗಿನ ನ್ಯಾಷನಲ್ ಆರ್ಕಿಡ್ ಗಾರ್ಡನ್ ಬೆಳಿಗ್ಗೆ ಎಂಟೂವರೆಗೆ ತೆರೆಯುತ್ತದೆ. ಇದಕ್ಕೆ ಮಾತ್ರ ಟಿಕೆಟ್ ಇದೆ, ಹಿರಿಯ ನಾಗರಿಕರಿಗೆ ರಿಯಾಯಿತಿ ಉಂಟು; ವಯಸ್ಸಿನ ದಾಖಲೆಯಾಗಿ ಪಾಸ್‌ಪೋರ್ಟ್ ತೋರಿಸಿ ಕೇಳಿ. ಮಳೆಗಾಲದ ಆರಂಭದಲ್ಲಿ ನಿಮ್ಮ ಊರಿನ ಮರಗಳಲ್ಲಿ ಸೀತಾಳೆ ದಂಡೆ ಜೋತುಬಿದ್ದಿರುವುದನ್ನು ಕಂಡ ಕಣ್ಣಿಗೆ, ಅದೇ ಕುಲದ ನೂರಾರು ಬಗೆಗಳು ಒಂದೇ ಇಳಿಜಾರಿನಲ್ಲಿ ಅರಳಿ ನಿಂತಿರುವುದು ಬೇರೆಯವರಿಗಿಂತ ಹೆಚ್ಚು ಸಂತೋಷ ಕೊಡುತ್ತದೆಂದು ನನ್ನ ನಂಬಿಕೆ. ಅಲ್ಲಿ ಕಾಣುವ ನೇರಳೆ–ಗುಲಾಬಿ ಬಣ್ಣದ ವಾಂಡಾ ಮಿಸ್ ಜೋಕಿಂ ಎಂಬ ತಳಿ 1981ರಿಂದ ಸಿಂಗಪುರದ ರಾಷ್ಟ್ರೀಯ ಪುಷ್ಪ; ಆಗ್ನೆಸ್ ಜೋಕಿಂ ಎಂಬ ಮಹಿಳೆ ತಮ್ಮ ಮನೆಯ ತೋಟದಲ್ಲಿ ಪಡೆದ ಈ ಮಿಶ್ರತಳಿ 1893ರಲ್ಲಿ ಮೊದಲು ವಿವರಿಸಲ್ಪಟ್ಟಿತು. ಆರ್ಕಿಡ್ ತೋಟದ ಬಳಿಯಲ್ಲಿಯೇ ಸುಮಾರು ಆರು ಹೆಕ್ಟೇರಿನಷ್ಟು ಮೂಲ ಮಳೆಕಾಡಿನ ತುಣುಕು ಉಳಿದಿದೆ. ಮಹಾನಗರದ ನಡುವೆ ಅದು ಕಡಿಯದೆ ಉಳಿದುಬಂದಿರುವುದೇ ಒಂದು ಸಾಧನೆ. ಆದರೆ ಅಲ್ಲಿನ ದಾರಿಯಲ್ಲಿ ಏರಿಳಿತವಿದೆ, ನಿಮ್ಮ ಶ್ರೀಮತಿಯವರು ಅಂಚಿನಲ್ಲಿ ನಿಂತು ನೋಡಿದರೆ ಸಾಕು.

ಈ ಉದ್ಯಾನಕ್ಕೆ ಹಲವು ದ್ವಾರಗಳಿವೆ ಎಂಬುದನ್ನು ದಯವಿಟ್ಟು ಗಮನಿಸಿ, ಏಕೆಂದರೆ ಹಿರಿಯರು ಇಲ್ಲಿ ತಪ್ಪಿ ಕಾಲು ನೋಯಿಸಿಕೊಳ್ಳುತ್ತಾರೆ. ಬೊಟಾನಿಕ್ ಗಾರ್ಡನ್ಸ್ ಎಂಬ ಹೆಸರಿನ ಮೆಟ್ರೊ ನಿಲ್ದಾಣ ಉದ್ಯಾನದ ಉತ್ತರದ ತುದಿಯಲ್ಲಿದೆ. ಅಲ್ಲಿಂದ ಆರ್ಕಿಡ್ ತೋಟಕ್ಕೆ ಒಂದು ಕಿಲೋಮೀಟರಿನಷ್ಟು ನಡೆಯಬೇಕು. ಟ್ಯಾಕ್ಸಿಯವರಿಗೆ "ನಾಸಿಮ್ ಗೇಟ್, ವಿಸಿಟರ್ ಸೆಂಟರ್" ಎಂದು ಸ್ಪಷ್ಟವಾಗಿ ಹೇಳಿ. ಅಲ್ಲಿ ಇಳಿದರೆ ಆರ್ಕಿಡ್ ತೋಟ ಹತ್ತಿರ, ಶೌಚಾಲಯ, ಕುಡಿಯುವ ನೀರು, ಕೂರುವ ಜಾಗ ಎಲ್ಲವೂ ಅಲ್ಲಿಯೇ ಇವೆ. ಹಿಂದಿರುಗಲು ಟ್ಯಾಕ್ಸಿ ಹತ್ತುವುದಕ್ಕೂ ಅನುಕೂಲ.

ತಿಂಡಿಗೆ, ಉದ್ಯಾನಕ್ಕೆ ಹೋಗುವ ದಾರಿಯಲ್ಲಿ, ಭಾರತೀಯರ ಅಂಗಡಿ–ಹೋಟೆಲುಗಳ ಪ್ರದೇಶವಾದ ಲಿಟಲ್ ಇಂಡಿಯಾದಲ್ಲಿ ಇಳಿಯಿರಿ. ವಿದೇಶಕ್ಕೆ ಹೋಗಿಯೂ ದೋಸೆಯೇ ಏಕೆಂದು ಕೇಳುವವರಿದ್ದಾರೆ. ಮುಂದೆ ಏಳೂವರೆ ಗಂಟೆಯ ಹಾರಾಟವಿರುವ ಸಸ್ಯಾಹಾರಿಗಳು ನಿದ್ದೆಗೆಟ್ಟ ಹೊಟ್ಟೆಗೆ ಗೊತ್ತಿರುವ ತಿಂಡಿ ತಿನ್ನುವುದೇ ವಿವೇಕವೆಂದು ನಾನು ಹೇಳುತ್ತೇನೆ. ಸೆರಂಗೂನ್ ರಸ್ತೆಯಲ್ಲಿ 1947ರಿಂದ ನಡೆಯುತ್ತಿರುವ ಕೋಮಳ ವಿಲಾಸ್ ಸಂಪೂರ್ಣ ಸಸ್ಯಾಹಾರಿ ಹೋಟೆಲು; ಇಡ್ಲಿ, ದೋಸೆ, ಫಿಲ್ಟರ್ ಕಾಫಿ ಬೆಳಿಗ್ಗೆಯೇ ಸಿಗುತ್ತವೆ. ಅದೇ ರಸ್ತೆಯಲ್ಲಿ ಶ್ರೀ ವೀರಮಾಕಾಳಿಯಮ್ಮನ್ ದೇವಾಲಯವಿದೆ, ಬೆಳಗಿನ ಪೂಜೆಯ ಹೊತ್ತಿಗೆ ಹೋಗಿ ಕೈಮುಗಿದು ಬರಬಹುದು. ಆ ಪ್ರದೇಶದ ಬಫಲೊ ರೋಡ್ ಎಂಬ ಹೆಸರು, ಒಂದು ಕಾಲದಲ್ಲಿ ಅಲ್ಲಿ ದನ–ಎಮ್ಮೆಗಳ ವ್ಯಾಪಾರ ನಡೆಯುತ್ತಿದ್ದುದರ ಗುರುತು. ಇಲ್ಲಿ ಒಂದು ಗಂಟೆ ಮೀರಬೇಡಿ. ಅಂಗಡಿಗಳ ಒಳಗೆ ಹೋದರೆ ಹೊತ್ತು ಕಳೆದದ್ದು ತಿಳಿಯುವುದಿಲ್ಲ, ಕೊಂಡ ಸಾಮಾನನ್ನು ಹೊರುವುದೂ ನಿಮ್ಮ ಕೈಗಳೇ.

ಓಡಾಟಕ್ಕೆ ನಾನು ಟ್ಯಾಕ್ಸಿಯನ್ನೇ ಸೂಚಿಸುತ್ತೇನೆ. ಮೆಟ್ರೊ ಅತ್ಯಂತ ಅಗ್ಗ, ಒಬ್ಬರಿಗೆ ಎರಡು ಡಾಲರಿನ ಆಸುಪಾಸು. ಸ್ವಚ್ಛ, ಎಲ್ಲ ನಿಲ್ದಾಣಗಳಲ್ಲಿ ಲಿಫ್ಟ್ ಇದೆ. ಆದರೆ ಚಾಂಗಿಯಿಂದ ಲಿಟಲ್ ಇಂಡಿಯಾಕ್ಕೆ ತಾನಾ ಮೇರಾದಲ್ಲಿ ಒಮ್ಮೆ, ಬೂಗಿಸ್‌ನಲ್ಲಿ ಇನ್ನೊಮ್ಮೆ ರೈಲು ಬದಲಿಸಬೇಕು, ಅದೂ ಕಚೇರಿಗೆ ಹೋಗುವವರ ದಟ್ಟಣೆಯಲ್ಲಿ. ಟ್ಯಾಕ್ಸಿಗೆ ಮೀಟರಿನ ಜೊತೆ ವಿಮಾನ ನಿಲ್ದಾಣದ ಹೆಚ್ಚುವರಿ ಶುಲ್ಕವೂ, ಕೆಲಸದ ದಿನಗಳ ಬೆಳಗಿನ ದಟ್ಟಣೆಯ ಹೊತ್ತಿನಲ್ಲಿ ಮೀಟರಿನ ಶೇ 25ರಷ್ಟು ಮೇಲುಶುಲ್ಕವೂ ಸೇರುತ್ತವೆ. ಒಂದು ಕಡೆಗೆ 30ರಿಂದ 40 ಸಿಂಗಪುರ ಡಾಲರ್ ಎಂದು ಎಣಿಸಿಟ್ಟುಕೊಳ್ಳಿ. ಇಬ್ಬರು ಹಿರಿಯರ ಕಾಲಿನ ಆರೋಗ್ಯಕ್ಕೆ ಈ ವೆಚ್ಚ ದುಬಾರಿಯಲ್ಲ. ನಿಲ್ದಾಣದ ಹೊರಗಿನ ಟ್ಯಾಕ್ಸಿ ಸಾಲಿನಲ್ಲಿಯೇ ನಿಲ್ಲಿ. ಒಳಗೆ ಬಂದು ಕರೆಯುವವರ ಹಿಂದೆ ಹೋಗಬೇಡಿ. ನಿಮ್ಮ ಡೆಬಿಟ್ ಅಥವಾ ಕ್ರೆಡಿಟ್ ಕಾರ್ಡಿನಲ್ಲಿ ವಿದೇಶಿ ಬಳಕೆಯ ಅನುಮತಿಯನ್ನು ಹೊರಡುವ ಮೊದಲೇ ಬ್ಯಾಂಕಿನ ಆ್ಯಪ್‌ನಲ್ಲಿ ತೆರೆದಿಡಿ. ನಮ್ಮ ಕಾರ್ಡುಗಳಲ್ಲಿ ಅದು ಮೊದಲಿಗೆ ಮುಚ್ಚಿರುವುದೇ ಸಾಮಾನ್ಯ. ಜೊತೆಗೆ ನೂರು ಡಾಲರಿನಷ್ಟು ನಗದು ಇರಲಿ.

ಹೀಗೆ ಏಳೂವರೆಗೆ ಹೊರಟರೆ ಎಂಟು ಗಂಟೆ ಕಳೆದು ಸ್ವಲ್ಪ ಹೊತ್ತಿಗೆ ತಿಂಡಿಗೆ ಕುಳಿತಿರುತ್ತೀರಿ, ಒಂಬತ್ತೂಕಾಲಿಗೆ ಉದ್ಯಾನದಲ್ಲಿರುತ್ತೀರಿ, ಎರಡು ಗಂಟೆ ಅಲ್ಲಿ ಕಳೆಯುತ್ತೀರಿ. ಹನ್ನೊಂದೂಕಾಲಿಗೆ ಎಲ್ಲಿಯೇ ಇರಲಿ, ಏನೇ ಉಳಿದಿರಲಿ, ನಾಸಿಮ್ ಗೇಟ್‌ನತ್ತ ಹೊರಡಬೇಕು. ಈ ಹೊತ್ತನ್ನು ಫೋನಿನ ಅಲಾರಂನಲ್ಲಿ ಹಾಕಿಡಿ, ಫೋನಿನ ಗಡಿಯಾರ ಸಿಂಗಪುರದ ಸಮಯಕ್ಕೆ ಬದಲಾಗಿದೆಯೇ ಎಂದೂ ನೋಡಿ. ಸಮಭಾಜಕ ವೃತ್ತಕ್ಕೆ ಒತ್ತಿಕೊಂಡಿರುವ ಆ ಊರಿನಲ್ಲಿ ಹತ್ತು ಗಂಟೆಯ ನಂತರ ಸೆಕೆ ಏರುತ್ತದೆ. ಮಧ್ಯಾಹ್ನದ ಗುಡುಗುಮಳೆ ಸಾಮಾನ್ಯ, ಮಳೆ ಬಿದ್ದ ಕೂಡಲೇ ಟ್ಯಾಕ್ಸಿ ಸಿಗುವುದು ಕಷ್ಟವಾಗುತ್ತದೆ. ಹನ್ನೊಂದೂಕಾಲು ಎಂಬ ಗಡಿಯಲ್ಲಿ ಈ ಮಳೆಗೆಂದೂ ನಾನು ಅರ್ಧ ಗಂಟೆ ಸೇರಿಸಿದ್ದೇನೆ.

ಸ್ವಂತವಾಗಿ ಟ್ಯಾಕ್ಸಿ ಹಿಡಿದು ಹೋಗಲು ಧೈರ್ಯ ಸಾಲದಿದ್ದರೆ ಇನ್ನೊಂದು ದಾರಿಯಿದೆ. ಐದೂವರೆ ಗಂಟೆಗಿಂತ ಹೆಚ್ಚು, 24 ಗಂಟೆಗಿಂತ ಕಡಿಮೆ ಬಿಡುವಿರುವ ಪ್ರಯಾಣಿಕರನ್ನು ವಿಮಾನ ನಿಲ್ದಾಣದವರೇ ಬಸ್ಸಿನಲ್ಲಿ ಕರೆದೊಯ್ದು ಸುಮಾರು ಎರಡೂವರೆ ಗಂಟೆಯ ಉಚಿತ ಪ್ರವಾಸ ಮಾಡಿಸಿ ತಂದುಬಿಡುತ್ತಾರೆ. ಫ್ರೀ ಸಿಂಗಪುರ್ ಟೂರ್ ಎಂದು ಅದರ ಹೆಸರು. ಚಾಂಗಿಯ ತಾಣದಲ್ಲಿ ಮುಂಚಿತವಾಗಿ ಸ್ಥಳ ಕಾಯ್ದಿರಿಸಬಹುದು. ಸಿಂಗಪುರ ಪ್ರವೇಶದ ಅರ್ಹತೆ ಇದಕ್ಕೂ ಬೇಕು. ಹೊಣೆಯೆಲ್ಲ ಅವರದಾದ್ದರಿಂದ ಮಗಳಿಗೂ ನೆಮ್ಮದಿ. ಆದರೆ ಅದು ಬಸ್ಸಿನಿಂದ ಇಳಿದು ಹತ್ತುತ್ತಲೇ ಇರಬೇಕಾದ ಪ್ರವಾಸ, ನಿಂತು ನೋಡುವ ಸ್ವಾತಂತ್ರ್ಯ ಕಡಿಮೆ. ಆ ಕಾರಣಕ್ಕೆ ನಾನು ನಿಮಗೆ ಇದನ್ನು ಎರಡನೆಯ ಆಯ್ಕೆಯಾಗಿ ಮಾತ್ರ ಹೇಳುತ್ತೇನೆ.

ಹಿಂದಿರುಗಿದ ಮೇಲೆ, ಇಮಿಗ್ರೇಷನ್ ಒಳಗೆ ಹೋಗುವ ಮೊದಲು ಜ್ಯುವೆಲ್ ನೋಡಿ. 2019ರಲ್ಲಿ ತೆರೆದ, ಟರ್ಮಿನಲ್ 1ಕ್ಕೆ ಅಂಟಿಕೊಂಡಿರುವ ಈ ಗಾಜಿನ ಗುಮ್ಮಟದ ನಡುವೆ 40 ಮೀಟರ್ ಎತ್ತರದಿಂದ ನೀರು ಧುಮುಕುತ್ತದೆ. ಕಟ್ಟಡವೊಂದರ ಒಳಗಿರುವ ಜಲಪಾತಗಳಲ್ಲಿ ಇದು ಜಗತ್ತಿನಲ್ಲಿಯೇ ಎತ್ತರದ್ದು. ಜೋಗದ ಪಕ್ಕದೂರಿನವರಾದ ನಿಮಗೆ ಎತ್ತರದಿಂದ ಬೆರಗಾಗದಿದ್ದರೂ, ಸುತ್ತ ನಾಲ್ಕು ಅಂತಸ್ತಿನವರೆಗೆ ಬೆಳೆಸಿರುವ ಕಾಡು ಖಂಡಿತ ಮೆಚ್ಚುಗೆಯಾಗುತ್ತದೆ. ಟರ್ಮಿನಲ್ 2 ಮತ್ತು 3ರಿಂದಲೂ ಮೇಲುಸೇತುವೆಗಳಿವೆ. ಮುಕ್ಕಾಲು ಗಂಟೆ ಸಾಕು. ನಂತರ ಒಳಗೆ ಹೋಗಿ ನೇರವಾಗಿ ನಿಮ್ಮ ಗೇಟ್ ಹುಡುಕಿ, ಏಕೆಂದರೆ ಚಾಂಗಿಯ 1, 2 ಮತ್ತು 3ನೆಯ ಟರ್ಮಿನಲ್‌ಗಳಲ್ಲಿ ಕೈಚೀಲದ ಭದ್ರತಾ ತಪಾಸಣೆ ನಡೆಯುವುದು ಗೇಟಿನ ಬಾಗಿಲಲ್ಲಿಯೇ. ಬೆಂಗಳೂರಿನಂತೆ ಮೊದಲೇ ಮುಗಿದಿರುತ್ತದೆಂದು ಭಾವಿಸಿ ಕೊನೆಯ ಗಳಿಗೆಗೆ ಹೋದರೆ ಸಾಲು ಉದ್ದವಾಗಿರುತ್ತದೆ. ನೀರಿನ ಬಾಟಲಿಯನ್ನು ಆ ಬಾಗಿಲಿಗೆ ಮುನ್ನ ಖಾಲಿ ಮಾಡಬೇಕು.

ಆಯಾಸದಿಂದ ಹೊರಗೆ ಹೋಗಲಾಗದಿದ್ದರೆ ಏನೂ ಕಳೆದುಕೊಳ್ಳುವುದಿಲ್ಲವೆಂದೆನಲ್ಲ, ಅದು ಸಮಾಧಾನದ ಮಾತಲ್ಲ. ಟ್ರಾನ್ಸಿಟ್ ವಲಯದೊಳಗೇ ಟರ್ಮಿನಲ್ 3ರಲ್ಲಿ ಚಿಟ್ಟೆಗಳ ತೋಟವಿದೆ, ಟರ್ಮಿನಲ್ 2ರ ಮಾಳಿಗೆಯಲ್ಲಿ ಸೂರ್ಯಕಾಂತಿ ತೋಟ, 1ರಲ್ಲಿ ಕಳ್ಳಿಗಿಡಗಳ ತೋಟ. ಒರಗಿ ಮಲಗಬಹುದಾದ ಕುರ್ಚಿಗಳ ವಿಶ್ರಾಂತಿ ಸ್ಥಳಗಳು ಉಚಿತ, ಹಣ ಕೊಟ್ಟರೆ ಸ್ನಾನದ ವ್ಯವಸ್ಥೆಯೂ ಉಂಟು. ಟರ್ಮಿನಲ್ 2 ಮತ್ತು 3ರ ನಡುವೆ ಓಡುವ ಸ್ಕೈಟ್ರೇನ್ ಜ್ಯುವೆಲ್ ಒಳಗೇ ಹಾದುಹೋಗುತ್ತದೆ. ಇಮಿಗ್ರೇಷನ್ ದಾಟದೆಯೇ, ಕುಳಿತ ಜಾಗದಿಂದಲೇ ಆ ಜಲಪಾತ ಕಾಣುತ್ತದೆ. ಇದು ಹಲವರಿಗೆ ಗೊತ್ತಿಲ್ಲ.

ಚೀಲದ ಬಗ್ಗೆ ಕೆಲವು ಎಚ್ಚರಿಕೆ. ಸಿಂಗಪುರದಲ್ಲಿ ಜಗಿಯುವ ಹೊಗೆಸೊಪ್ಪು, ಗುಟ್ಕಾ, ಇ-ಸಿಗರೇಟ್ ನಿಷಿದ್ಧ. ಚೂಯಿಂಗ್ ಗಮ್ ತರುವುದನ್ನೂ 1992ರಿಂದ ನಿಷೇಧಿಸಲಾಗಿದೆ. ಎಲೆಅಡಿಕೆಯ ಸಂಚಿಯಲ್ಲಿ ಹೊಗೆಸೊಪ್ಪಿನ ಎಸಳು ಉಳಿದಿದ್ದರೆ ಮನೆಯಲ್ಲಿಯೇ ತೆಗೆದಿಡಿ. ನಿದ್ರೆಯ ಮಾತ್ರೆ ಅಥವಾ ಕೋಡೀನ್ ಇರುವ ಕೆಮ್ಮಿನ ಔಷಧಿ ಕೈಚೀಲದಲ್ಲಿದ್ದರೆ ಅಲ್ಲಿನ ಆರೋಗ್ಯ ಪ್ರಾಧಿಕಾರದ ಪೂರ್ವಾನುಮತಿ ಬೇಕಾಗಬಹುದು, ವೈದ್ಯರನ್ನು ಕೇಳಿ ಬದಲಿ ತೆಗೆದುಕೊಳ್ಳಿ. ಉಳಿದ ಮಾತ್ರೆಗಳನ್ನು ಮೂಲ ಪೊಟ್ಟಣದಲ್ಲಿ, ವೈದ್ಯರ ಚೀಟಿಯೊಂದಿಗೆ ಕೈಚೀಲದಲ್ಲಿಯೇ ಇಡಿ. ಲಿಟಲ್ ಇಂಡಿಯಾದಲ್ಲಿ ಹೂವು, ಹಣ್ಣು ಕೊಂಡು ಮಗಳಿಗೆಂದು ಒಯ್ಯಬೇಡಿ. ಆಸ್ಟ್ರೇಲಿಯಾದ ಜೈವಿಕ ಸುರಕ್ಷತೆಯ ನಿಯಮ ಬಹಳ ಬಿಗಿ, ಊರಿನಿಂದ ತಂದ ತಿಂಡಿ, ಉಪ್ಪಿನಕಾಯಿ, ಸಾಂಬಾರ ಪುಡಿಯನ್ನೂ ಅಲ್ಲಿ ಇಳಿಯುವಾಗ ಕೊಡುವ ಪತ್ರದಲ್ಲಿ ತಪ್ಪದೆ ಘೋಷಿಸಬೇಕು.

ಕೊನೆಯದಾಗಿ, ಬರುವಾಗಿನ ಟಿಕೆಟ್ ಇನ್ನೂ ಕಾಯ್ದಿರಿಸಿಲ್ಲವಾದರೆ ಸಂಜೆಯ ಬಿಡುವು ಸಿಗುವಂಥದ್ದನ್ನು ಆರಿಸಲು ಮಗಳಿಗೆ ಹೇಳಿ. ಆಗ ಗಾರ್ಡನ್ಸ್ ಬೈ ದ ಬೇ ಎಂಬ ಉದ್ಯಾನದ ಸೂಪರ್‌ಟ್ರೀ ಎಂಬ ಉಕ್ಕಿನ ಮಹಾವೃಕ್ಷಗಳ ಕೆಳಗೆ, ರಾತ್ರಿ 7.45ಕ್ಕೆ ನಡೆಯುವ ಉಚಿತ ದೀಪ–ಸಂಗೀತದ ಪ್ರದರ್ಶನವನ್ನು ಕಲ್ಲುಬೆಂಚಿನ ಮೇಲೆ ಕುಳಿತು ನೋಡಬಹುದು. ಅದು ತಪ್ಪಿದರೆ 8.45ಕ್ಕೆ ಇನ್ನೊಂದು ಇದೆ. ಆ ದಿನಕ್ಕೆ ಆಸ್ಟ್ರೇಲಿಯಾ ವೀಸಾದಲ್ಲಿ ಒಂದು ತಿಂಗಳು ಉಳಿದಿರುವಂತೆ ಹಿಂದಿರುಗುವ ದಿನಾಂಕವನ್ನು ಆರಿಸಿಕೊಳ್ಳಿ, ಅರೈವಲ್ ಕಾರ್ಡನ್ನು ಮತ್ತೊಮ್ಮೆ ಹೊಸದಾಗಿ ಭರ್ತಿ ಮಾಡಬೇಕೆಂಬುದನ್ನು ಮರೆಯಬೇಡಿ.